ಅಂಜನಾದ್ರಿಯೋ, ಮೋರ್ಯರ ಗುಡ್ಡವೋ? ಬೆಟ್ಟ ಹತ್ತಿ ಚಹಾ ಕುಡಿಯುವ ಒಂದು ಬೆಳಗಿಗೆ ಸಮಗ್ರ ಮಾರ್ಗದರ್ಶಿ

ಗಂಗಾವತಿ ಕಡೆ ಬರುವವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಮುಂಜಾನೆ ಒಂದು ಗುಡ್ಡ ಹತ್ತಬೇಕು, ಮೇಲೆ ನಿಂತು ಕಣ್ತುಂಬ ನೋಡಬೇಕು, ಆಮೇಲೆ ಬಿಸಿ ಬಿಸಿ ಚಹಾ ಕುಡಿಯಬೇಕು. ಯಾವ ಗುಡ್ಡ ಚಲೋ? ಒಂದು ಕಡೆ ಆನೆಗೊಂದಿ ಪಕ್ಕದ ಅಂಜನಾದ್ರಿ. ಇನ್ನೊಂದು ಕಡೆ ಹಿರೇಬೆಣಕಲ್‌ನ ಮೋರ್ಯರ ಗುಡ್ಡ. ಎರಡೂ ಕೊಪ್ಪಳ ಜಿಲ್ಲೆಯವೇ, ಎರಡೂ ಗಂಗಾವತಿ ಸೀಮೆಯವೇ. ಆದರೆ ಎರಡರ ಸ್ವಭಾವ ಪೂರ್ತಿ ಬೇರೆ.

ಬಹಳ ಜನ ಫೋಟೊ ನೋಡಿ ಆರಿಸಿಕೊಳ್ಳುತ್ತಾರೆ, ಅಲ್ಲೇ ಎಡವುತ್ತಾರೆ. ಅಂಜನಾದ್ರಿಗೆ ಹೊರಟವರು ಹನ್ನೊಂದು ಗಂಟೆಗೆ ಬುಡ ತಲುಪಿ, ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಕುಣಿಯುತ್ತ ಅರ್ಧಕ್ಕೇ ಇಳಿಯುತ್ತಾರೆ. ಮೋರ್ಯರ ಗುಡ್ಡಕ್ಕೆ ಹೊರಟವರು ಅರ್ಧ ಲೀಟರ್ ನೀರು ಹಿಡಿದು, ಮೊಬೈಲ್ ನಕ್ಷೆ ನಂಬಿ, ಜಾಲಿ ಪೊದೆಗಳಲ್ಲಿ ಸುತ್ತಿ ಸುತ್ತಿ ಒಂದೂ ಕಲ್ಮನೆ (ಅಲ್ಲಿನ ಪ್ರಾಚೀನ ಶಿಲಾ ಸಮಾಧಿ) ಕಾಣದೆ ವಾಪಸಾಗುತ್ತಾರೆ. ಇಬ್ಬರೂ ಸೋತದ್ದು ಗುಡ್ಡದ ಮೇಲಲ್ಲ, ಮನೆ ಬಿಡುವ ಮೊದಲೇ. ಅದಕ್ಕೇ ಈ ಬರಹದಲ್ಲಿ ಹತ್ತುವುದಕ್ಕಿಂತ ತೀರ್ಮಾನಿಸುವುದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಹಂತಗಳನ್ನು ಇಲ್ಲಿರುವ ಕ್ರಮದಲ್ಲೇ ಅನುಸರಿಸಿ. ಒಂದನ್ನು ಹಾರಿದರೆ ಮುಂದಿನದು ಕೈಕೊಡುತ್ತದೆ.

## ಹಂತ 1: ಎರಡೂ ಗುಡ್ಡಗಳ ಗುಣ ತಿಳಿದುಕೊಳ್ಳಿ

ಅಂಜನಾದ್ರಿ ಮೆಟ್ಟಿಲಿನ ಬೆಟ್ಟ. 575 ಮೆಟ್ಟಿಲು, ತುದಿಯಲ್ಲಿ ಬಿಳಿ ಬಣ್ಣದ ಹನುಮಂತನ ಗುಡಿ. ದಾರಿ ತಪ್ಪುವ ಮಾತೇ ಇಲ್ಲ. ಸಾಧಾರಣ ಆರೋಗ್ಯದವರಿಗೆ ಹತ್ತಲು ಮುಕ್ಕಾಲು ಗಂಟೆ ಸಾಕು. ಮೇಲಿನಿಂದ ತುಂಗಭದ್ರೆಯ ತಿರುವು, ಗದ್ದೆ, ಬಾಳೆ, ತೆಂಗು, ನದಿಯಾಚೆ ಹಂಪಿಯ ಕಲ್ಲುಗುಡ್ಡಗಳ ಸಾಲು ಕಾಣುತ್ತವೆ. ಬುಡದಲ್ಲಿ ಚಹಾದಂಗಡಿಗಳಿವೆ. ಇಲ್ಲಿ ಚಹಾ ಅಂದರೆ ಇಳಿದು ಬಂದ ಮೇಲೆ.

ಮೋರ್ಯರ ಗುಡ್ಡ ಕಾಲುದಾರಿಯ ಗುಡ್ಡ. ಗಂಗಾವತಿಯಿಂದ ಕೊಪ್ಪಳದ ಕಡೆಗೆ ಸುಮಾರು 10 ಕಿ.ಮೀ. ಹೋದರೆ ಹಿರೇಬೆಣಕಲ್ ಸಿಗುತ್ತದೆ. ಊರಾಚೆ ಹೊಲ ದಾಟಿ, ಕುರುಚಲು ಕಾಡು ಹೊಕ್ಕು, ಬಂಡೆಗಳ ನಡುವೆ ಏರಬೇಕು. ಮೇಲೆ ಸುಮಾರು 400 ಬೃಹತ್ ಶಿಲಾ ಸಮಾಧಿಗಳಿವೆ. ಊರವರ ಬಾಯಲ್ಲಿ ಅವು ಮೋರ್ಯರ ಮನೆಗಳು. ಕ್ರಿಸ್ತಪೂರ್ವ 800ರಿಂದ 200ರ ನಡುವಿನವು ಎಂಬುದು ವಿದ್ವಾಂಸರ ಅಂದಾಜು. 2021ರಲ್ಲಿ ಈ ತಾಣ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ಮೇಲೆ ಅಂಗಡಿಯಿಲ್ಲ, ಕುಡಿಯುವ ನಲ್ಲಿಯಿಲ್ಲ, ಮೆಟ್ಟಿಲಿಲ್ಲ. ಇಲ್ಲಿ ಚಹಾ ಅಂದರೆ ನೀವೇ ಹೊತ್ತು ಒಯ್ದದ್ದು.

ಮೊದಲನೆಯ ಗುಡ್ಡ ಕಾಲಿನ ಪರೀಕ್ಷೆ, ಅದೂ ಚಿಕ್ಕದು. ಎರಡನೆಯದು ತಯಾರಿಯ ಪರೀಕ್ಷೆ. ಎರಡರಲ್ಲಿ ಯಾವುದು ಸುಂದರ ಎಂದು ಚರ್ಚಿಸುತ್ತ ಕೂತರೆ ಉತ್ತರ ಸಿಗುವುದಿಲ್ಲ. ನಿಮ್ಮ ಗುಂಪು ಯಾವುದಕ್ಕೆ ತಯಾರಿದೆ ಎಂದು ಕೇಳಿಕೊಂಡರೆ ಬೇಗ ಸಿಗುತ್ತದೆ.

## ಹಂತ 2: ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಯಾರು?

ಇದೇ ಎಲ್ಲಕ್ಕಿಂತ ಮುಖ್ಯ ಹಂತ. ಗುಂಪಿನ ಗಟ್ಟಿಗರನ್ನು ನೋಡಿ ಗುಡ್ಡ ಆರಿಸಬಾರದು. ಎಲ್ಲರಿಗಿಂತ ಹಿಂದೆ ಉಳಿಯುವವರು ಯಾರೋ ಅವರನ್ನು ನೋಡಿ ಆರಿಸಬೇಕು. ಅಜ್ಜಿ ಇರಬಹುದು, ನಾಲ್ಕು ವರ್ಷದ ಮಗು ಇರಬಹುದು, ಬಿ.ಪಿ. ಮಾತ್ರೆ ನುಂಗುವ ಅಣ್ಣ ಇರಬಹುದು.

ಹೊರಡುವ ವಾರದಲ್ಲಿ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಅವರನ್ನು ಮೂರು ಮಹಡಿ ಮೆಟ್ಟಿಲು ಹತ್ತಿಸಿ, ಜತೆಗೇ ಮಾತಾಡಿಸುತ್ತ ಹೋಗಿ. ಪೂರ್ತಿ ವಾಕ್ಯದಲ್ಲಿ ಉತ್ತರಿಸಿದರೆ ಅಂಜನಾದ್ರಿಗೆ ಅಡ್ಡಿಯಿಲ್ಲ, ನಿಂತು ನಿಂತು ಹತ್ತಿಸಬಹುದು. ಎರಡು ಪದಕ್ಕೊಮ್ಮೆ ಉಸಿರು ಎಳೆದರೆ ಯಾವ ಗುಡ್ಡವೂ ಬೇಡ. ಬುಡದಲ್ಲಿ ನೆರಳು ನೋಡಿ ಕೂರಿಸಿ, ಜತೆಗೊಬ್ಬರನ್ನು ಬಿಟ್ಟು, ಉಳಿದವರು ಹತ್ತಿ ಬನ್ನಿ. ಎದೆನೋವಿನ ಇತಿಹಾಸ ಇದ್ದರೆ ಈ ಪರೀಕ್ಷೆಯನ್ನೂ ಮಾಡಬೇಡಿ, ವೈದ್ಯರನ್ನು ಕೇಳಿ.

ಮೋರ್ಯರ ಗುಡ್ಡಕ್ಕೆ ಇಷ್ಟು ಸಾಲದು. ಒಂಟಿ ಕಾಲಲ್ಲಿ ಹತ್ತು ಸೆಕೆಂಡ್ ನಿಲ್ಲಲು ಆಗಬೇಕು, ಮೊಣಕಾಲೆತ್ತರದ ಕಲ್ಲಿನ ಮೇಲಿನಿಂದ ಯಾರ ಕೈಯೂ ಹಿಡಿಯದೆ ಇಳಿಯಲು ಬರಬೇಕು. ಅಲ್ಲಿ ಕಷ್ಟ ಕೊಡುವುದು ಏರಿಗಿಂತ ಇಳಿಜಾರು. ಮೊಣಕಾಲು ನೋವಿನವರು ಹತ್ತುವಾಗ ಏನೂ ಅನ್ನುವುದಿಲ್ಲ, ಇಳಿಯುವಾಗ ಕೂತುಬಿಡುತ್ತಾರೆ. ಎತ್ತಿಕೊಳ್ಳಬೇಕಾದ ವಯಸ್ಸಿನ ಮಗು ಇದ್ದರೆ ಯೋಚಿಸದೆ ಅಂಜನಾದ್ರಿ ಆರಿಸಿ. ಸಡಿಲು ಕಲ್ಲಿನ ದಾರಿಯಲ್ಲಿ ಮಗುವನ್ನು ಎತ್ತಿಕೊಂಡವರಿಗೆ ತಮ್ಮ ಪಾದವೇ ಕಾಣುವುದಿಲ್ಲ.

ಮೋರ್ಯರ ಗುಡ್ಡಕ್ಕೆ ಒಬ್ಬರೇ ಹೋಗಬೇಡಿ. ಕನಿಷ್ಠ ಮೂರು ಜನ ಇರಲಿ: ಒಬ್ಬರ ಕಾಲು ಉಳುಕಿದರೆ ಒಬ್ಬರು ಜತೆ ಕೂರಲು, ಇನ್ನೊಬ್ಬರು ಊರಿಗೆ ಓಡಲು.

## ಹಂತ 3: ತಿಂಗಳು ನೋಡಿ, ಆಮೇಲೆ ವಾರ ನೋಡಿ

ನವೆಂಬರ್‌ನಿಂದ ಫೆಬ್ರುವರಿ ಮಧ್ಯದವರೆಗೆ ಎರಡೂ ಗುಡ್ಡ ಹತ್ತಬಹುದು. ಶಿವರಾತ್ರಿ ಸಮೀಪಿಸಿತೆಂದರೆ ನಮ್ಮ ಬಿಸಿಲಿನ ಬಣ್ಣವೇ ಬೇರೆ. ಮಾರ್ಚ್‌ನಿಂದ ಮೇವರೆಗೆ ಮೋರ್ಯರ ಗುಡ್ಡದ ಹೆಸರೆತ್ತಬೇಡಿ. ಪಾರಾ 40 ದಾಟುವ ದಿನಗಳಲ್ಲಿ ಅಲ್ಲಿನ ಬಂಡೆಗಳು ಒಲೆಯ ಮೇಲಿನ ಹಂಚಿನಂತೆ ಕಾದು, ಸಂಜೆಯಾದರೂ ಕಾವು ಬಿಡುವುದಿಲ್ಲ. ಅಂಜನಾದ್ರಿಯನ್ನು ಆ ತಿಂಗಳುಗಳಲ್ಲಿ ಹತ್ತಬಹುದು, ಆದರೆ ಸೂರ್ಯ ಮೇಲೇರುವ ಮೊದಲೇ ಇಳಿದಿರಬೇಕು.

ಜೂನ್‌ನಿಂದ ಅಕ್ಟೋಬರ್‌ವರೆಗೆ ಅಪಾಯ ಬೇರೆ ಥರದ್ದು. ಮಳೆ ಬಿದ್ದ ಮರುದಿನ ಕಪ್ಪು ಪಾಚಿ ಹಿಡಿದ ಬಂಡೆ ಜಾರುತ್ತದೆ, ಹುಲ್ಲು ಸೊಂಟದವರೆಗೆ ಬೆಳೆದು ಕಾಲುದಾರಿ ಮುಚ್ಚಿಹೋಗುತ್ತದೆ, ಹುಲ್ಲಿನೊಳಗೆ ಹಾವಿದ್ದರೂ ಕಾಣುವುದಿಲ್ಲ. ಮೋರ್ಯರ ಗುಡ್ಡಕ್ಕೆ ಹೋಗುವುದಿದ್ದರೆ ಹುಲ್ಲು ಒಣಗಿ ಮಲಗುವವರೆಗೆ ಕಾಯಿರಿ.

ಗದ್ದೆಯ ಹಸಿರು ನೋಡಲೆಂದೇ ಬರುವವರಿಗೆ ಒಂದು ಮಾತು. ಅಂಜನಾದ್ರಿ ಮೇಲಿನಿಂದ ಕಾಣುವ ಹಸಿರು ವರ್ಷವಿಡೀ ಇರುವುದಿಲ್ಲ. ಮುಂಗಾರು ಬೆಳೆಯ ನಾಟಿ ಮುಗಿದು ಪೈರು ಎದ್ದಾಗ, ಅಂದರೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಒಮ್ಮೆ ಕಾಣುತ್ತದೆ. ಕಾಲುವೆಗೆ ಎರಡನೇ ಬೆಳೆಗೂ ನೀರು ಬಿಟ್ಟ ವರ್ಷ ಫೆಬ್ರುವರಿ ಹೊತ್ತಿಗೆ ಇನ್ನೊಮ್ಮೆ. ನಡುವೆ ಡಿಸೆಂಬರ್‌ನಲ್ಲಿ ಬಂದರೆ ಕೊಯ್ಲು ಮುಗಿದ ಕಂದು ಗದ್ದೆ, ಒಣಗಿದ ಕೂಳೆ. ತಂಪು ಬೇಕೋ, ಹಸಿರು ಬೇಕೋ? ಎರಡೂ ಒಟ್ಟಿಗೆ ಬೇಕಿದ್ದರೆ ಫೆಬ್ರುವರಿಯ ಮೊದಲ ವಾರಗಳಿಗೆ ಸಮ ಬೇರೆ ಇಲ್ಲ.

ಇನ್ನು ವಾರ. ಶನಿವಾರ ಹನುಮಂತನ ವಾರ, ಅಂಜನಾದ್ರಿಯಲ್ಲಿ ಭಕ್ತರು ಹೆಚ್ಚು. ಭಾನುವಾರ ಪ್ರವಾಸಿಗರು ಹೆಚ್ಚು. ನೋಟಕ್ಕಾಗಿ ಹತ್ತುವವರು ಸೋಮವಾರದಿಂದ ಗುರುವಾರದೊಳಗೆ ಬನ್ನಿ. ಡಿಸೆಂಬರ್‌ನಲ್ಲಿ ಹನುಮಮಾಲೆ ವಿಸರ್ಜನೆಗೆ ಮಾಲಾಧಾರಿಗಳು ಅಪಾರ ಸಂಖ್ಯೆಯಲ್ಲಿ ಬರುತ್ತಾರೆ, ರಸ್ತೆಗಳ ಮಾರ್ಗ ಬದಲಾಗುತ್ತದೆ, ವಾಹನಗಳನ್ನು ದೂರದಲ್ಲೇ ನಿಲ್ಲಿಸುತ್ತಾರೆ. ಪಂಚಾಂಗದಲ್ಲಿ ಹನುಮದ್‌ವ್ರತ ಯಾವತ್ತು ಎಂದು ನೋಡಿಕೊಂಡು ಅದರ ಹಿಂದಿನ ಎರಡು ದಿನ, ಮುಂದಿನ ಒಂದು ದಿನ ಬಿಟ್ಟುಬಿಡಿ. ಭಕ್ತಿಯಿಂದ ಬರುವವರ ಮಾತು ಬೇರೆ, ಅವರಿಗೆ ಆ ದಿನವೇ ದಿನ.

## ಹಂತ 4: ಗಡಿಯಾರವನ್ನು ಹಿಂದಿನಿಂದ ಎಣಿಸಿ

ಎಷ್ಟು ಹೊತ್ತಿಗೆ ಹೊರಡೋಣ ಎಂದು ಕೇಳುವುದೇ ತಪ್ಪು. ಎಷ್ಟು ಹೊತ್ತಿಗೆ ಕೆಳಗಿರಬೇಕು ಎಂದು ಕೇಳಿ.

ಚಳಿಗಾಲದಲ್ಲಿ ಅಂಜನಾದ್ರಿಯಿಂದ 9 ಗಂಟೆಯೊಳಗೆ ಇಳಿದಿರಬೇಕು, ಬೇಸಿಗೆಯಲ್ಲಿ ಏಳೂವರೆಯೊಳಗೆ. ಹತ್ತಲು ಮುಕ್ಕಾಲು ಗಂಟೆ, ಮೇಲೆ ಒಂದು ಗಂಟೆ, ಇಳಿಯಲು ಅರ್ಧ ಗಂಟೆ. ಅಂದರೆ ಚಳಿಗಾಲದಲ್ಲಿ ಬೆಳಕು ಹರಿಯುವ ಹೊತ್ತಿಗೆ ಬುಡದಲ್ಲಿದ್ದರೆ ನಿರಾಳ. ಬೇಸಿಗೆಯಲ್ಲಿ ಬೇಗ ಬಂದರೂ ಮೇಲಿನ ಒಂದು ಗಂಟೆಯನ್ನು ಅರ್ಧಕ್ಕೆ ಇಳಿಸಿಕೊಳ್ಳಬೇಕಾದೀತು.

ಮೋರ್ಯರ ಗುಡ್ಡದಿಂದ 11 ಗಂಟೆಯೊಳಗೆ ಊರಿಗೆ ಮರಳಿರಬೇಕು. ಏರಲು ಒಂದರಿಂದ ಒಂದೂವರೆ ಗಂಟೆ, ಮೇಲೆ ಸುತ್ತಾಡಲು ಒಂದೂವರೆ ಗಂಟೆ, ಇಳಿಯಲು ಒಂದು ಗಂಟೆ. ಕೂಡಿಸಿದರೆ ನಾಲ್ಕು. ಹೀಗಾಗಿ ಬೆಳಿಗ್ಗೆ 7ಕ್ಕೆ ಹಿರೇಬೆಣಕಲ್ ಬಿಟ್ಟಿರಬೇಕು. ಕತ್ತಲಲ್ಲಿ ಹೊರಡಬೇಡಿ. ಈ ಸೀಮೆಯ ಕಲ್ಲುಗುಡ್ಡಗಳಲ್ಲಿ ಕರಡಿ, ಚಿರತೆ ಓಡಾಡುತ್ತವೆ, ನಸುಕಿನ ಹೊತ್ತು ಅವುಗಳದ್ದು. ಬಿಸಿಲು ನೆಲಕ್ಕೆ ತಾಗಿದ ಮೇಲೆ ಕಾಡು ಹೊಕ್ಕರೆ ಇಬ್ಬರಿಗೂ ಕ್ಷೇಮ.

ಈಗ ನಿಮ್ಮ ಊರಿನಿಂದ ಲೆಕ್ಕ ಹಾಕಿ. ಬಳ್ಳಾರಿ ಅಥವಾ ಕೊಪ್ಪಳದವರಾದರೆ ನಸುಕಿಗೇ ಎದ್ದು ಹೊರಟು ಮುಟ್ಟಬಹುದು. ರಾಯಚೂರಿನವರು ಸಿಂಧನೂರು, ಕಾರಟಗಿ ದಾಟಿ ಬರಬೇಕು, ಹಿಂದಿನ ರಾತ್ರಿಯೇ ಗಂಗಾವತಿಯಲ್ಲೋ ಆನೆಗೊಂದಿಯಲ್ಲೋ ತಂಗುವುದು ಒಳ್ಳೆಯದು. ತಂಗಲು ಆಗದು, ಬೆಳಿಗ್ಗೆ ಒಂಬತ್ತಕ್ಕೇ ಮುಟ್ಟುವುದು ಎಂದಾದರೆ ಮೋರ್ಯರ ಗುಡ್ಡ ಕೈಬಿಡಿ. ಅಂಜನಾದ್ರಿಯನ್ನು ಸಂಜೆ 4ರ ನಂತರ ಹತ್ತುವ ಯೋಜನೆ ಹಾಕಿಕೊಳ್ಳಿ. ಅಲ್ಲಿ ಸೂರ್ಯಾಸ್ತವೂ ಸೊಗಸು.

## ಹಂತ 5: ಹೊಳೆ ದಾಟುವ ದಾರಿ ಖಚಿತಪಡಿಸಿಕೊಳ್ಳಿ

ಬಳ್ಳಾರಿಯಿಂದ ಬರುವವರು ಕಂಪ್ಲಿ ಸೇತುವೆ ಮೇಲೆ ತುಂಗಭದ್ರೆ ದಾಟುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ಈ ಸೇತುವೆ ಮುಳುಗುತ್ತದೆ, ಸಂಚಾರ ನಿಲ್ಲಿಸುತ್ತಾರೆ. ಆಗ ಬುಕ್ಕಸಾಗರ, ಕಡೇಬಾಗಿಲು ಸೇತುವೆಯ ದಾರಿ ಹಿಡಿಯಬೇಕು. ಮಳೆಗಾಲದಲ್ಲಿ ಹಿಂದಿನ ದಿನದ ಪತ್ರಿಕೆಯಲ್ಲಿ ಹೊರಹರಿವಿನ ಸುದ್ದಿ ನೋಡದೆ ಹೊರಡಬೇಡಿ.

ಹಂಪಿಯಲ್ಲಿ ತಂಗಿದವರಿಗೆ ಅಂಜನಾದ್ರಿ ಕಣ್ಣೆದುರೇ ಕಾಣುತ್ತದೆ. ಕಣ್ಣಿಗೆ ಹತ್ತಿರ, ರಸ್ತೆಗೆ ದೂರ. ನಡುವೆ ಹೊಳೆ ಇದೆ. ದೋಣಿ ನಂಬಿಕೊಂಡು ಸೂರ್ಯೋದಯದ ಯೋಜನೆ ಹಾಕಬೇಡಿ: ದೋಣಿಯವರು ಅಷ್ಟು ಬೇಗ ಬರುವುದಿಲ್ಲ, ಹೊಳೆ ತುಂಬಿದಾಗ ದೋಣಿಯೇ ಇರುವುದಿಲ್ಲ. ರಸ್ತೆಯಲ್ಲಿ ಸುತ್ತಿ ಬನ್ನಿ.

ಬಸ್ಸಿನವರು ಗಂಗಾವತಿಗೆ ಬಂದಿಳಿಯಿರಿ. ಅಲ್ಲಿಂದ ಆನೆಗೊಂದಿ ಕಡೆಗೂ, ಕೊಪ್ಪಳ ಕಡೆಗೂ ಬಸ್ಸು, ಆಟೊ ಇವೆ. ಮುಂಜಾನೆಯ ಆಟೊವನ್ನು ಹಿಂದಿನ ಸಂಜೆಯೇ ಮಾತಾಡಿ ಇಟ್ಟುಕೊಳ್ಳಿ, ಬಾಡಿಗೆಯಲ್ಲಿ ಕಾಯುವ ಹೊತ್ತನ್ನೂ ಸೇರಿಸಿಯೇ ಮಾತಾಡಿ.

## ಹಂತ 6: ಚೀಲ ಕಟ್ಟಿ

ಎರಡೂ ಕೈ ಖಾಲಿ ಇರುವಂತೆ ಬೆನ್ನಿಗೆ ಹಾಕುವ ಚೀಲವೇ ಬೇಕು. ಜಿಪ್ ಪೂರ್ತಿ ಮುಚ್ಚುವಂತಿರಲಿ.

ಅಂಜನಾದ್ರಿಗೆ ತಲೆಗೊಂದು ಲೀಟರ್ ನೀರು, ಟೋಪಿ ಅಥವಾ ಟವೆಲ್, ಚಪ್ಪಲಿ ಹಾಕಿಕೊಳ್ಳಲು ಒಂದು ಬಟ್ಟೆ ಚೀಲ, ನಸುಕಿನಲ್ಲಿ ಹತ್ತುವವರಿಗೆ ಬ್ಯಾಟರಿ. ಅಷ್ಟು ಸಾಕು.

ಮೋರ್ಯರ ಗುಡ್ಡಕ್ಕೆ ತಲೆಗೆರಡು ಲೀಟರ್ ನೀರು, ಅದರ ಮೇಲೆ ಗುಂಪಿಗೆ ಒಂದು ಹೆಚ್ಚುವರಿ ಲೀಟರ್. ಓಆರ್‌ಎಸ್ ಪೊಟ್ಟಣ ಎರಡು, ಗಾಯಕ್ಕೆ ಬ್ಯಾಂಡೇಜು, ಮುಳ್ಳು ಕೀಳಲು ಚಿಮಟ, ಕೈಗೊಂದು ಕೋಲು. ಕಾಲಿಗೆ ಅಡಿ ಗಟ್ಟಿ ಇರುವ, ಹಿಮ್ಮಡಿ ಮುಚ್ಚುವ ಬೂಟು. ಹವಾಯಿ ಚಪ್ಪಲಿ ಹಾಕಿಕೊಂಡು ಹೋದರೆ ಬಳ್ಳಾರಿ ಜಾಲಿಯ ಮುಳ್ಳು ಅಡಿಯನ್ನು ತೂರಿ ಪಾದಕ್ಕೇ ಬರುತ್ತದೆ. ಉದ್ದ ಪ್ಯಾಂಟು, ಉದ್ದ ತೋಳು. ಸೆಂಟು ಹೊಡೆದುಕೊಳ್ಳಬೇಡಿ. ಬಂಡೆಗಳ ಚಾಚಿನಡಿ ಹೆಜ್ಜೇನು ಕಟ್ಟಿರುತ್ತದೆ, ಗಾಢ ವಾಸನೆ ಅದನ್ನು ಕೆಣಕುತ್ತದೆ.

ಮೊಬೈಲಿನಲ್ಲಿ ಆ ಪ್ರದೇಶದ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಹಿರೇಬೆಣಕಲ್ ಬಿಡುವಾಗ ಮನೆಯವರೊಬ್ಬರಿಗೆ ನೀವಿರುವ ಜಾಗ, ಮರಳುವ ಹೊತ್ತು ತಿಳಿಸಿ. ಗುಡ್ಡದ ಸಂದುಗಳಲ್ಲಿ ಸಿಗ್ನಲ್ ಸಿಗುತ್ತದೆ ಎಂದು ಲೆಕ್ಕ ಹಾಕಬೇಡಿ.

## ಹಂತ 7: ಅಂಜನಾದ್ರಿ ಆರಿಸಿದ್ದರೆ ಹತ್ತುವ ಕ್ರಮ

ಬುಡದಲ್ಲಿ. ಚಹಾ ಕುಡಿಯಬೇಡಿ. ಬುಡದಲ್ಲೇ ಅಂಗಡಿಗಳಿರುವುದರಿಂದ ಎಲ್ಲರೂ ಮೊದಲು ಅಲ್ಲೇ ಕೂರುತ್ತಾರೆ, ಮಿರ್ಚಿ ತಿನ್ನುತ್ತಾರೆ, ನಾನೂರನೇ ಮೆಟ್ಟಿಲಿನಲ್ಲಿ ಹೊಟ್ಟೆ ಹಿಡಿದುಕೊಳ್ಳುತ್ತಾರೆ. ಒಂದು ಬಾಳೆಹಣ್ಣು, ನಾಲ್ಕು ಗುಟುಕು ನೀರು, ಅಷ್ಟೇ. ಬಾಳೆಹಣ್ಣನ್ನು ಅಲ್ಲೇ ತಿಂದು ಮುಗಿಸಿ, ಕೈಯಲ್ಲಿ ಹಿಡಿದು ಮೆಟ್ಟಿಲು ತುಳಿಯಬೇಡಿ.

ಕೋತಿಗಳು. ಇಲ್ಲಿಯ ಕೋತಿಗಳಿಗೆ ಪ್ಲಾಸ್ಟಿಕ್ ಚೀಲದ ಸದ್ದು ಗೊತ್ತು. ಕೈಯಲ್ಲಿ ತೆಂಗಿನಕಾಯಿ, ಹಣ್ಣಿನ ಕವರು, ಬಣ್ಣದ ಬಾಟಲಿ ಕಂಡರೆ ಎಳೆಯುತ್ತವೆ. ಎಳೆದರೆ ಬಿಟ್ಟುಬಿಡಿ, ಹಗ್ಗಜಗ್ಗಾಟ ಬೇಡ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು, ಹಲ್ಲು ಕಾಣುವಂತೆ ನಗುವುದು ಅವಕ್ಕೆ ಬೆದರಿಕೆ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆದು ಅದೇ ದಿನ ರೇಬಿಸ್ ಲಸಿಕೆಗೆ ಆಸ್ಪತ್ರೆಗೆ ಹೋಗಬೇಕು. ಅರಿಶಿನ ಹಚ್ಚಿ ಸುಮ್ಮನಾಗಬೇಡಿ.

ಮೆಟ್ಟಿಲು. ಮೊದಲ ನೂರು ಮೆಟ್ಟಿಲನ್ನು ಬೇಕೆಂದೇ ನಿಧಾನವಾಗಿ ಹತ್ತಿ. ಹುಡುಗರು ಓಡಿ ಹೋಗಿ ಅಲ್ಲೇ ಉಸಿರು ಕಳೆದುಕೊಳ್ಳುತ್ತಾರೆ. ಮೆಟ್ಟಿಲುಗಳ ಎತ್ತರ ಒಂದೇ ಸಮ ಇಲ್ಲ, ಆದ್ದರಿಂದ ಲಯ ಹಿಡಿಯಲು ಹೋಗಬೇಡಿ, ಒಂದೊಂದನ್ನೂ ನೋಡಿ ಹೆಜ್ಜೆ ಇಡಿ. ಕೆಲವು ಕಡೆ ಬಂಡೆಯ ಅಡಿಯಿಂದ ಬಾಗಿ ದಾಟಬೇಕು. ಮೊಬೈಲ್ ನೋಡುತ್ತ ಹತ್ತುವವರು ತಲೆ ಬಡಿಸಿಕೊಳ್ಳುವುದು ಅಲ್ಲೇ. ನಿಲ್ಲುವುದಿದ್ದರೆ ಅಂಚಿಗೆ ಸರಿಯಿರಿ, ಹಿಂದಿನವರಿಗೆ ದಾರಿ ಬಿಡಿ.

ಬರಿಗಾಲು. ಬಹಳ ಭಕ್ತರು ಬುಡದಲ್ಲೇ ಚಪ್ಪಲಿ ಬಿಟ್ಟು ಹತ್ತುತ್ತಾರೆ. ಹತ್ತುವಾಗ ತಣ್ಣಗಿದ್ದ ಕಲ್ಲು ಇಳಿಯುವಾಗ ಸುಡುತ್ತದೆ ಎಂಬುದು ಬಹಳ ಜನರಿಗೆ ಮೇಲೆ ಹೋದ ಮೇಲೆಯೇ ಹೊಳೆಯುತ್ತದೆ. ಅದಕ್ಕೇ ಬಟ್ಟೆ ಚೀಲ ಹೇಳಿದ್ದು. ಹರಕೆ ಇಲ್ಲದವರು ಚಪ್ಪಲಿ ಚೀಲದಲ್ಲಿಟ್ಟುಕೊಂಡು, ಗುಡಿಯ ಅಂಗಳದ ಹೊರಗೆ ಬಿಟ್ಟು, ಇಳಿಯುವಾಗ ಹಾಕಿಕೊಳ್ಳಬಹುದು. ಹರಕೆ ಇದ್ದವರು ದಪ್ಪ ಕಾಲುಚೀಲವನ್ನಾದರೂ ಇಟ್ಟುಕೊಳ್ಳಿ.

ಮೇಲೆ. ಮೊದಲು ದರ್ಶನ, ಆಮೇಲೆ ನೋಟ. ಗುಡಿಯ ಹಿಂಬದಿಯ ಬಂಡೆಗಳ ಮೇಲೆ ನಿಂತರೆ ಹೊಳೆ ಚೆನ್ನಾಗಿ ಕಾಣುತ್ತದೆ, ಆದರೆ ಅಂಚಿಗೆ ತಡೆಗೋಡೆ ಇದೆ ಎಂದು ನಂಬಬೇಡಿ. ಸೆಲ್ಫಿಗಾಗಿ ಹಿಂದಕ್ಕೆ ಹೆಜ್ಜೆ ಇಡುವುದು ಇಲ್ಲಿಯ ಅತಿ ದೊಡ್ಡ ಅಪಾಯ.

## ಹಂತ 8: ಮೋರ್ಯರ ಗುಡ್ಡ ಆರಿಸಿದ್ದರೆ ಹತ್ತುವ ಕ್ರಮ

ಮೊದಲು ದಾರಿ ತೋರುವವರು. ಇದು ಐಚ್ಛಿಕ ಅಲ್ಲ. ಊರಿನಲ್ಲಿ ಕುರಿ ಕಾಯುವವರು, ಆ ಗುಡ್ಡದಲ್ಲೇ ಓಡಾಡಿ ಬೆಳೆದ ಯುವಕರು ಇದ್ದಾರೆ. ಚಹಾದಂಗಡಿಯಲ್ಲಿ ಕೇಳಿದರೆ ಯಾರನ್ನಾದರೂ ಕರೆಸುತ್ತಾರೆ. ಸಂಭಾವನೆ ಮೊದಲೇ ಮಾತಾಡಿ, ಮತ್ತು ಒಂದು ಮಾತು ಸ್ಪಷ್ಟ ಮಾಡಿಕೊಳ್ಳಿ: ಮೇಲೆ ಬಿಟ್ಟು ಬರುವುದಲ್ಲ, ಜತೆಗೇ ಇಳಿಯಬೇಕು. ದಾರಿ ತಪ್ಪುವುದು ಹೆಚ್ಚಾಗಿ ಇಳಿಯುವಾಗಲೇ, ಮೇಲಿನಿಂದ ನೋಡಿದರೆ ಎಲ್ಲ ಸಂದೂ ಒಂದೇ ಥರ ಕಾಣುತ್ತದೆ. ಶಾಲೆಯ ದಿನ ಶಾಲೆಯ ಮಕ್ಕಳನ್ನು ಕರೆದೊಯ್ಯಬೇಡಿ. ಇಪ್ಪತ್ತು ರೂಪಾಯಿ ಆಸೆಗೆ ಅವರು ಬರುತ್ತಾರೆ, ತರಗತಿ ತಪ್ಪುತ್ತದೆ.

ಹೊಲದ ದಾರಿ. ಬದುವಿನ ಮೇಲೇ ನಡೆಯಿರಿ, ಪೈರು ತುಳಿಯಬೇಡಿ. ನಾಯಿ ಬೊಗಳಿದರೆ ನಿಲ್ಲಿ, ಹೊಲದವರು ಕರೆದುಕೊಳ್ಳುವವರೆಗೆ ಕಾಯಿರಿ.

ಏರು. ಕಾಲುದಾರಿ ಕವಲೊಡೆಯುವ ಪ್ರತಿ ಜಾಗದಲ್ಲೂ ನಿಂತು, ಹಿಂದಕ್ಕೆ ತಿರುಗಿ ಒಂದು ಫೋಟೊ ತೆಗೆಯಿರಿ. ಮುಂದಿನದ್ದಲ್ಲ, ಹಿಂದಿನದ್ದು. ಇಳಿಯುವಾಗ ನಿಮಗೆ ಕಾಣುವುದು ಆ ದೃಶ್ಯವೇ. ಕುರಿಗಳ ಜಾಡು ಮತ್ತು ಮನುಷ್ಯರ ಜಾಡು ಬೇರೆ ಮಾಡಲು ಒಂದು ಉಪಾಯ ಇದೆ. ಕುರಿಯ ಜಾಡು ಜಾಲಿಯ ಕೊಂಬೆಗಳ ಕೆಳಗೆ ನುಸುಳಿ ಹೋಗುತ್ತದೆ. ಎರಡು ಸಲ ಬಾಗಬೇಕಾಗಿ ಬಂದರೆ ನೀವು ಕುರಿಯ ಹಿಂದೆ ಹೊರಟಿದ್ದೀರಿ ಎಂದು ತಿಳಿದು ಹಿಂದಿನ ಕವಲಿಗೆ ಮರಳಿ.

ಕೈಯನ್ನು ಕಣ್ಣಿಗೆ ಕಾಣದ ಸಂದಿಗೆ ಹಾಕಬೇಡಿ. ಬಂಡೆ ಹಿಡಿದು ಏರುವಾಗ ಮೇಲಿನ ಅಂಚನ್ನು ಕೋಲಿನಿಂದ ಒಮ್ಮೆ ತಟ್ಟಿ, ಆಮೇಲೆ ಕೈ ಇಡಿ. ಚೇಳು, ಮಂಡಲದ ಹಾವು ತಂಪಿಗೆಂದು ಅಲ್ಲೇ ಇರುತ್ತವೆ.

ಚಿತ್ರವಿರುವ ಕಲ್ಲಾಸರೆಗಳು. ದಾರಿಯ ಆಸುಪಾಸಿನ ಬಂಡೆಗಳ ಚಾಚಿನಡಿ ಕೆಂಪು ಬಣ್ಣದ ಚಿತ್ರಗಳಿವೆ. ದಾರಿ ತೋರುವವರನ್ನು ಹತ್ತುವಾಗಲೇ ಕೇಳಿ ನೋಡಿಬಿಡಿ, ಇಳಿಯುವಾಗ ಯಾರಿಗೂ ಆಸಕ್ತಿ ಉಳಿದಿರುವುದಿಲ್ಲ. ಚಿತ್ರ ಸ್ಪಷ್ಟವಾಗಲೆಂದು ನೀರು ಎರಚುವ ಕೆಟ್ಟ ಚಾಳಿ ಕೆಲವರಿಗಿದೆ. ಮಾಡಬೇಡಿ, ಮಾಡುವವರನ್ನು ತಡೆಯಿರಿ. ಅಷ್ಟು ಕಾಲ ಉಳಿದು ಬಂದ ಬಣ್ಣ ನಮ್ಮ ಬಾಟಲಿ ನೀರಿಗೆ ಹೋಗಬಾರದು.

ಮೋರ್ಯರ ಮನೆಗಳು. ಮೊದಲ ಕಲ್ಮನೆಗಳು ಕಂಡ ಕೂಡಲೇ ಗುಂಪು ಚದುರುತ್ತದೆ, ಒಬ್ಬೊಬ್ಬರು ಒಂದೊಂದು ಕಡೆ ಓಡುತ್ತಾರೆ. ಅದನ್ನು ತಡೆಯಲು ಒಂದು ಜಾಗ, ಒಂದು ಸಮಯ ಗೊತ್ತು ಮಾಡಿ. ಆಮೇಲೆ ಒಂದೇ ಒಂದು ಮನೆಯ ಮುಂದೆ ಮೊಣಕಾಲೂರಿ ಕೂತು ಸರಿಯಾಗಿ ನೋಡಿ. ನಿಂತ ಕಲ್ಲಿನ ಚಪ್ಪಡಿಗಳೇ ಗೋಡೆ. ಮೇಲೆ ಒಂದೇ ಅಖಂಡ ಮುಚ್ಚುಗಲ್ಲು. ಗಾರೆಯಿಲ್ಲ, ಒಂದರ ಭಾರಕ್ಕೆ ಇನ್ನೊಂದು ನಿಂತಿದೆ. ಕೆಲವದರ ಒಂದು ಬದಿಯ ಚಪ್ಪಡಿಯಲ್ಲಿ ಗುಂಡಗೆ ಕೊರೆದ ಕಂಡಿ ಇದೆ. ಅಂಥ ಕಂಡಿಯ ಅಂಚನ್ನು ನೋಡಿದರೆ ಕಲ್ಲನ್ನು ಎಷ್ಟು ತಾಳ್ಮೆಯಿಂದ ಕೊರೆದಿದ್ದಾರೆ ಎಂಬುದು ತಿಳಿಯುತ್ತದೆ. ದೊಡ್ಡವು ಮೂರು ಮೀಟರ್‌ವರೆಗೂ ಎತ್ತರ ಇವೆ.

ಗಾರೆ ಇಲ್ಲ ಎಂಬ ಕಾರಣಕ್ಕೇ ಅವುಗಳನ್ನು ಒರಗಬಾರದು, ಹತ್ತಬಾರದು, ಒಳಗೆ ನುಸುಳಬಾರದು. ಬಿದ್ದರೆ ಕಲ್ಲೂ ಹೋಯಿತು, ಮನುಷ್ಯನೂ ಹೋದ. ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಲು ಕಾನೂನಿದೆ. ಹೆಸರು ಕೆತ್ತುವುದೂ ಹಾನಿಯೇ.

ನಗಾರಿ ಗುಂಡು. ಸುಮಾರು ಹತ್ತು ಮೀಟರ್ ಎತ್ತರದ ಬಂಡೆಯ ಮೇಲೆ ನಗಾರಿಯ ಆಕಾರದ ಕಲ್ಲೊಂದಿದೆ. ಬಡಿದರೆ ಸದ್ದು ಒಂದು ಕಿ.ಮೀ. ದೂರಕ್ಕೂ ಕೇಳುತ್ತದೆ ಎನ್ನುತ್ತಾರೆ. ಬಡಿಯಲು ಹತ್ತಬೇಡಿ. ಕೆಳಗಿನಿಂದ ನೋಡಿದರೆ ಸಾಕು, ಅಲ್ಲಿಂದ ಬಿದ್ದರೆ ಎತ್ತಿಕೊಂಡು ಇಳಿಸಲು ದಾರಿಯಿಲ್ಲ.

ಕೆರೆ. ಮೇಲೆ ಒಂದು ಹೊಂಡ ಇದೆ, ಬೇಸಿಗೆಯಲ್ಲೂ ನೀರಿರುತ್ತದೆ. ಅದನ್ನು ಕುಡಿಯಬೇಡಿ, ಈಜಬೇಡಿ. ಕುರಿ, ಕಾಡುಪ್ರಾಣಿಗಳ ನೀರು ಅದು.

## ಹಂತ 9: ವಾಪಸ್ ತಿರುಗಬೇಕಾದ ಲಕ್ಷಣಗಳು

ಇನ್ನು ಸ್ವಲ್ಪವೇ ಇದೆ ಎಂಬ ಮಾತಿನಿಂದಲೇ ಹೆಚ್ಚು ಅವಘಡಗಳಾಗುತ್ತವೆ. ಕೆಳಗಿನ ಯಾವುದೇ ಒಂದು ಕಂಡರೂ ಅಲ್ಲಿಂದಲೇ ತಿರುಗಿ.

ನೀರು ಅರ್ಧ ಮುಗಿದಿದೆ, ಗುಡ್ಡ ಇನ್ನೂ ಅರ್ಧ ಆಗಿಲ್ಲ ಎಂದಾದರೆ ಲೆಕ್ಕ ಕೂಡುವುದಿಲ್ಲ. ಯಾರಿಗಾದರೂ ತಲೆನೋವು, ವಾಕರಿಕೆ, ಕಾಲಿನ ಸೆಳೆತ ಶುರುವಾದರೆ ನೆರಳಿಗೆ ಕೂರಿಸಿ ಓಆರ್‌ಎಸ್ ಕೊಡಿ, ಸುಧಾರಿಸಿದ ಮೇಲೆ ಇಳಿಸಿ. ಅಷ್ಟು ಹೊತ್ತು ಬೆವರುತ್ತಿದ್ದವರ ಬೆವರು ನಿಂತು ಮೈ ಕಾದರೆ ಅಥವಾ ಮಾತು ತೊದಲಿದರೆ ಅದು ಬಿಸಿಲಾಘಾತ. ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಹಾಕಿ, 108ಕ್ಕೆ ಕರೆ ಮಾಡಿ. ಪ್ರಜ್ಞೆ ಮಂಕಾದವರ ಬಾಯಿಗೆ ನೀರು ಹಾಕಬೇಡಿ.

ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಡುವ ನೋವು ಕಂಡರೆ ಗ್ಯಾಸ್ ಎಂದುಕೊಳ್ಳಬೇಡಿ. ಕೂರಿಸಿ, ಒಂದು ಹೆಜ್ಜೆಯೂ ನಡೆಸದೆ ಸಹಾಯ ಕರೆಯಿರಿ.

ಹಾವು ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಚ್ಚಿದ ಅಂಗ ಅಲ್ಲಾಡದಂತೆ ನೋಡಿಕೊಂಡು ಗಂಗಾವತಿಯ ಸರ್ಕಾರಿ ಆಸ್ಪತ್ರೆಗೆ ಸಾಗಿಸಿ. ನಾಟಿ ಮದ್ದಿನ ಮನೆ ಹುಡುಕುತ್ತ ಹೊತ್ತು ಕಳೆಯಬೇಡಿ.

ಜೇನು ಎದ್ದರೆ ಕೈ ಬೀಸಬೇಡಿ. ಮುಖ, ತಲೆಯನ್ನು ಟವೆಲಿನಿಂದ ಮುಚ್ಚಿಕೊಂಡು ಗೂಡಿನಿಂದ ದೂರ ಸರಿಯಿರಿ. ಕರಡಿಯ ಹೆಜ್ಜೆ, ಅಗೆದ ಹುತ್ತ, ಹಸಿ ಲದ್ದಿ ಕಂಡರೆ ಜೋರಾಗಿ ಮಾತಾಡುತ್ತ, ಎಲ್ಲರೂ ಒಟ್ಟಾಗಿ ಬಂದ ದಾರಿಯಲ್ಲೇ ಇಳಿಯಿರಿ. ಓಡಬೇಡಿ.

ದಾರಿ ತೋರುವವರು ಬೇಡ ಎಂದರೆ ಬೇಡ. ಕಾರಣ ಕೇಳಿ ವಾದಿಸಬೇಡಿ.

## ಹಂತ 10: ಚಹಾ, ಎಲ್ಲಿ ಮತ್ತು ಹೇಗೆ

ಅಂಜನಾದ್ರಿಯಿಂದ ಇಳಿದ ಕೂಡಲೇ ಮೊದಲು ನೀರು, ಹತ್ತು ನಿಮಿಷ ಬಿಟ್ಟು ಚಹಾ. ಅಂಗಡಿ ಆರಿಸುವಾಗ ಬಾಣಲೆ ನೋಡಿ. ಎಣ್ಣೆ ಕಪ್ಪಗಿರದೆ, ಕಣ್ಣೆದುರೇ ಮೆಣಸಿನಕಾಯಿ ಹಿಟ್ಟಿಗೆ ಅದ್ದಿ ಬಿಡುತ್ತಿದ್ದರೆ ಅಲ್ಲೇ ಕೂರಿ. ನೆನೆಸಿ ಹಿಂಡಿದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸಿನಕಾಯಿಯ ಒಗ್ಗರಣೆ ಬಿದ್ದು, ಮೇಲೆ ಪುಟಾಣಿ ಹಿಟ್ಟು ಉದುರಿಸಿ, ಪಕ್ಕದಲ್ಲೊಂದು ಮಿರ್ಚಿ ಇಟ್ಟು ಕೊಡುತ್ತಾರೆ. ಆ ಖಾರ ನಾಲಗೆಯ ಮೇಲಿರುವಾಗಲೇ ಚಹಾದ ಮೊದಲ ಗುಟುಕು ಬೀಳಬೇಕು. ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ದೂರದಿಂದ ಬರುವವರಿಗಾಗಿ ಬರೆದೆ.

ಮೋರ್ಯರ ಗುಡ್ಡಕ್ಕೆ ಫ್ಲಾಸ್ಕ್ ಒಯ್ಯಿರಿ. ಹಾಲಿನ ಚಹಾ ಎರಡು ಮೂರು ಗಂಟೆಯಲ್ಲಿ ಮುಗ್ಗಲು ವಾಸನೆ ಹಿಡಿಯುತ್ತದೆ. ಶುಂಠಿ, ಬೆಲ್ಲ ಹಾಕಿದ ಕರಿ ಚಹಾ ಒಯ್ದರೆ ಕೊನೆವರೆಗೂ ರುಚಿ ಕೆಡುವುದಿಲ್ಲ. ಫ್ಲಾಸ್ಕಿಗೆ ಮೊದಲು ಕುದಿನೀರು ಹಾಕಿ ಐದು ನಿಮಿಷ ಇಟ್ಟು ಚೆಲ್ಲಿ, ಆಮೇಲೆ ಚಹಾ ತುಂಬಿ. ಜತೆಗೆ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡರೆ ಊಟವೇ ಆಯಿತು. ಮೇಲೆ ಒಲೆ ಹೂಡಬೇಡಿ: ಒಣಹುಲ್ಲಿಗೆ ಒಂದು ಕಿಡಿ ಸಾಕು, ಹೊಗೆಗೆ ಜೇನೂ ಏಳುತ್ತದೆ. ಕಲ್ಮನೆಗಳಿಂದ ದೂರ, ನೆರಳಿರುವ ಬಯಲು ಬಂಡೆಯ ಮೇಲೆ ಕೂತು ಕುಡಿಯಿರಿ. ಲೋಟ ಸ್ಟೀಲಿನದ್ದಿರಲಿ. ಕಾಗದದ ಲೋಟ ಗಾಳಿಗೆ ಹಾರಿ ಸಂದಿಗೆ ಸೇರಿದರೆ ಹೆಕ್ಕಲು ಬರುವುದಿಲ್ಲ.

## ಹಂತ 11: ಒಂದೇ ದಿನ ಎರಡೂ ಬೇಕೆಂದರೆ

ನವೆಂಬರ್‌ನಿಂದ ಜನವರಿ ಕೊನೆಯವರೆಗೆ, ಗಟ್ಟಿ ಕಾಲಿನವರಿಗೆ ಮಾತ್ರ. ಕ್ರಮ ತಪ್ಪಬಾರದು: ಮುಂಜಾನೆ ಮೋರ್ಯರ ಗುಡ್ಡ, ಸಂಜೆ ಅಂಜನಾದ್ರಿ. ಬಹಳ ಜನ ಸೂರ್ಯೋದಯದ ಆಸೆಗೆ ಅಂಜನಾದ್ರಿಯಿಂದ ಶುರು ಮಾಡಿ, ಹತ್ತು ಗಂಟೆಯ ಬಿಸಿಲಿನಲ್ಲಿ, ದಣಿದ ಕಾಲಿನಲ್ಲಿ, ದಾರಿ ಇಲ್ಲದ ಗುಡ್ಡಕ್ಕೆ ಬರುತ್ತಾರೆ. ದಣಿದ ಕಾಲಿಗೆ ಮೆಟ್ಟಿಲು ಆಸರೆ, ಸಡಿಲು ಕಲ್ಲು ಶತ್ರು.

11ಕ್ಕೆ ಹಿರೇಬೆಣಕಲ್‌ಗೆ ಇಳಿದು, ಗಂಗಾವತಿಯಲ್ಲಿ ಊಟ ಮಾಡಿ, ಒಂದೆರಡು ಗಂಟೆ ನಿಜವಾಗಿಯೂ ಮಲಗಿ. 4 ಗಂಟೆಗೆ ಅಂಜನಾದ್ರಿ ಬುಡಕ್ಕೆ ಬನ್ನಿ. ಮಧ್ಯಾಹ್ನ ಕಾದ ಮೆಟ್ಟಿಲು ಆ ಹೊತ್ತಿಗೂ ಬಿಸಿ ಇರುತ್ತದೆ, ಬರಿಗಾಲಿನವರು ಇನ್ನೂ ಅರ್ಧ ಗಂಟೆ ಕಾಯಿರಿ. ಮೇಲೆ ಬಾಗಿಲು ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದು ಬುಡದಲ್ಲೇ ವಿಚಾರಿಸಿ ಹತ್ತಿ. ಸೂರ್ಯ ಮುಳುಗಿದ ಕೂಡಲೇ ಇಳಿಯಲು ಶುರು ಮಾಡಿ, ಬ್ಯಾಟರಿ ಕೈಯಲ್ಲಿರಲಿ. ಆಟೊದವರಿಗೆ ಇಳಿದು ಬರುವ ಹೊತ್ತು ಹೇಳಿಟ್ಟಿರಿ, ಕತ್ತಲಾದ ಮೇಲೆ ಅಲ್ಲಿಂದ ಗಂಗಾವತಿಗೆ ಗಾಡಿ ಸಿಗುವುದು ಕಷ್ಟ.